ಜಾಡಿಯಿಂದ ಪಾದೆಯವರೆಗೆ: ಮಂಗಳೂರು–ಉಡುಪಿಯ ಮ್ಯೂಸಿಯಂ ಸಂಗ್ರಹಗಳನ್ನು ಹಿಡಿದು ಜೀವವೈವಿಧ್ಯ ನೋಡುವ ಬಗೆ

ಮಣಿಪಾಲದ ಸುತ್ತಮುತ್ತಲಿನ ಮುರಕಲ್ಲಿನ ಪಾದೆಗಳಲ್ಲಿ (ಬಯಲು ಬಂಡೆಗಳಲ್ಲಿ) ಮಳೆಗಾಲದ ರಾತ್ರಿ ಜೀರುಂಡೆಯ ಹಾಗೆ ಕೂಗುವ ಒಂದು ಕಪ್ಪೆ ಇದೆ. ಹೆಬ್ಬೆರಳಿನ ಉಗುರಿನಷ್ಟೇ ಗಾತ್ರ. 2016ರಲ್ಲಿ ಅದಕ್ಕೆ ಮೈಕ್ರೋಹೈಲಾ ಲ್ಯಾಟರೈಟ್ ಅಂತ ಹೆಸರಿಟ್ಟರು. 2018ರಲ್ಲಿ ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ ಅದೇ ಬಳಗದ ಇನ್ನೊಂದು ಹೊಸ ಕಪ್ಪೆ ಸಿಕ್ಕಿತು. ಅದು ಮೈಕ್ರೋಹೈಲಾ ಕೊಡಿಯಾಲ್. ಎರಡೂ ದಟ್ಟ ಕಾಡಿನಲ್ಲಿ ಸಿಕ್ಕಿದ್ದಲ್ಲ, ದಿನಾ ಸಾವಿರಾರು ಜನ ಓಡಾಡುವ ಜಾಗದ ಪಕ್ಕದಲ್ಲೇ ಸಿಕ್ಕಿದ್ದು.

ಒಂದು ಕಪ್ಪೆಯನ್ನು "ಇದು ಹೊಸದು" ಅಂತ ಹೇಳಬೇಕಾದರೆ ಹಳೆಯವು ಎಲ್ಲೋ ಜೋಪಾನವಾಗಿ ಇರಬೇಕು. ಹೋಲಿಸಿ ನೋಡಲು ಜಾಡಿ ಬೇಕು, ಜಾಡಿಯ ಮೇಲೆ ಲೇಬಲ್ ಬೇಕು, ಲೇಬಲ್ಲಿನಲ್ಲಿ ಊರು ಮತ್ತು ತಾರೀಕು ಬೇಕು. ಮ್ಯೂಸಿಯಂ ಅಂದರೆ ಸತ್ತ ಪ್ರಾಣಿಗಳನ್ನು ಇಟ್ಟ ಕೋಣೆ ಅಂತ ಅಂದುಕೊಂಡವರೇ ಜಾಸ್ತಿ. ನನ್ನ ಮಟ್ಟಿಗೆ ಅದು ನಮ್ಮ ಜಿಲ್ಲೆಯ ಜೀವಿಗಳ ಹಾಜರಿ ಪುಸ್ತಕ. ಅದನ್ನು ಓದುವುದು ಹೇಗೆ, ಓದಿದ ಮೇಲೆ ಹೊರಗೆ ಹೋಗಿ ನೋಡುವುದು ಹೇಗೆ, ನಮ್ಮದೂ ಒಂದು ಸಾಲು ಸೇರಿಸುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರು, ಶಾಲೆಯ ಮೇಷ್ಟ್ರು, ಟೀಚರ್‌ಗಳು, ಸುಮ್ನೆ ಕುತೂಹಲ ಇರುವವರು ಎಲ್ಲರಿಗೂ ಇದು ಆಗುತ್ತದೆ.

1. ಮೊದಲು ಒಂದೇ ಒಂದು ಗುಂಪು ಆರಿಸಿ

ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಅರ್ಧ ಗಂಟೆಯಲ್ಲಿ ಸುಸ್ತಾಗುತ್ತದೆ. ಮಕ್ಕಳು ಮೊದಲ ಐದು ಜಾಡಿ ನೋಡುತ್ತಾರೆ, ಆಮೇಲೆ ಓಡುತ್ತಾರೆ. ಅದಕ್ಕೇ ಮನೆಯಿಂದ ಹೊರಡುವ ಮೊದಲೇ "ಈ ಸಲ ಕಪ್ಪೆ" ಅಥವಾ "ಈ ಸಲ ಮೀನು" ಅಂತ ತೀರ್ಮಾನ ಮಾಡಿ. ಜತೆಗೆ ಒಂದು ಪ್ರಶ್ನೆ ಇರಲಿ. ಕಪ್ಪೆಗಳ ಕಾಲಿನ ಬೆರಳುಗಳ ನಡುವೆ ಜಾಲ ಎಲ್ಲದಕ್ಕೂ ಒಂದೇ ಥರ ಇದೆಯಾ? ಯಾವ ಮೀನಿಗೆ ಹಲ್ಲಿದೆ, ಯಾವುದಕ್ಕಿಲ್ಲ? ಪ್ರಶ್ನೆ ಸಣ್ಣದಾದಷ್ಟೂ ಒಳ್ಳೆಯದು.

ಕರಾವಳಿಯವರಿಗೆ ನಾನು ಹೇಳುವುದು ಮೀನಿನಿಂದ ಶುರು ಮಾಡಿ ಅಂತ. ಸಂಗ್ರಹದಲ್ಲೂ ಸಿಗುತ್ತದೆ, ಮಾರ್ಕೆಟ್ಟಿನಲ್ಲೂ ಸಿಗುತ್ತದೆ, ಅಡುಗೆಮನೆಯಲ್ಲೂ ಸಿಗುತ್ತದೆ. ಮೀನು ತಿನ್ನದ ಮನೆಯವರಿಗೆ ಅಂಗಳದ ಕಳೆಗಿಡಗಳೇ ಸಾಕು.

2. ಎಲ್ಲಿ ಏನಿದೆ

"ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ" ಅಂತ ಬೋರ್ಡ್ ಹಾಕಿದ ದೊಡ್ಡ ಕಟ್ಟಡವನ್ನು ಇಲ್ಲಿ ಹುಡುಕುತ್ತಾ ಕೂರಬೇಡಿ. ಅಂಥ ಮ್ಯೂಸಿಯಂನಲ್ಲಿ ಇರುವಂಥವು ನಮ್ಮಲ್ಲಿ ನಾಲ್ಕಾರು ಕಡೆ ಹಂಚಿಹೋಗಿವೆ.

ಮಂಗಳೂರಿನ ಬಾವುಟಗುಡ್ಡೆ ಹತ್ತಿರ ಸಂತ ಅಲೋಶಿಯಸ್ ಸಂಸ್ಥೆಯ ಒಳಗೆ ಅಲೋಶಿಯಂ ಮ್ಯೂಸಿಯಂ ಇದೆ. ಇಟಲಿಯ ಜೆಸ್ವಿಟ್ ಪಾದ್ರಿಗಳ ಕಾಲದಲ್ಲಿ, 1913ರಲ್ಲಿ ಶುರುವಾಗಿದ್ದು. ನಿಸರ್ಗದ ವಸ್ತುಗಳ ಜತೆಗೆ ನಾಣ್ಯ, ಹಳೇ ಸಾಮಾನು, ಮಂಗಳೂರಿನ ಮೊದಲ ಕಾರು ಎಲ್ಲ ಅಲ್ಲಿವೆ. ನೂರು ವರ್ಷಕ್ಕಿಂತ ಹಿಂದೆ ಜನ ಯಾವ ಕುತೂಹಲದಿಂದ ವಸ್ತು ಕೂಡಿಡುತ್ತಿದ್ದರು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ. ಈ ಸಂಸ್ಥೆಯ ಹೆಸರನ್ನು ಒಂದು ಕಪ್ಪೆಗೂ ಇಟ್ಟಿದ್ದಾರೆ. 2009ರಲ್ಲಿ ಗುರುತಿಸಿದ ಯೂಫ್ಲಿಕ್ಟಿಸ್ ಅಲೋಶಿಯೈ, ನೀರಿನ ಮೇಲೆ ಪುಟಪುಟನೆ ಜಿಗಿದು ಹೋಗುವ ಕಪ್ಪೆಗಳ ಗುಂಪಿನದು.

ಎಕ್ಕೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾಯಿತು. ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದೇ. ಕಲಿಸುವುದಕ್ಕೆಂದು ಜೋಡಿಸಿಟ್ಟ ಜಲಚರಗಳ ಸಂಗ್ರಹ ಅಲ್ಲಿದೆ. ಮೀನು, ಏಡಿ, ಚಿಪ್ಪಿನ ವಿಷಯಕ್ಕೆ ಅಲ್ಲಿಗೆ ಹೋಗಬೇಕು. ಇದು ಟಿಕೆಟ್ ತೆಗೆದು ನುಗ್ಗುವ ಜಾಗವಲ್ಲ, ಕೇಳಿಕೊಂಡು ಹೋಗಬೇಕು.

ಮಣಿಪಾಲದಲ್ಲಿ ಕೆಎಂಸಿಯ (ಕಸ್ತೂರ್ಬಾ ಮೆಡಿಕಲ್ ಕಾಲೇಜಿನ) ಅನಾಟಮಿ ಮತ್ತು ಪೆಥಾಲಜಿ ಮ್ಯೂಸಿಯಂ ಇದೆ. ಮನುಷ್ಯರ ದೇಹದ ಭಾಗಗಳೇ ಮುಖ್ಯ. ಆದರೆ ಆನೆಯಿಂದ ಹಿಡಿದು ಕಾಳಿಂಗ ಸರ್ಪದವರೆಗೆ ಪ್ರಾಣಿಗಳ ಅಸ್ಥಿಪಂಜರಗಳೂ ಇವೆ. ತೀರಾ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲು ಯೋಚನೆ ಮಾಡಿ. ರೋಗ ಬಂದ ಅಂಗಗಳು, ಭ್ರೂಣಗಳು ಎಲ್ಲ ಕಾಣುತ್ತವೆ. ಮುಂಚೆಯೇ ಹೇಳಿ ಕರೆದುಕೊಂಡು ಹೋದರೆ ಮಕ್ಕಳು ದೊಡ್ಡವರಿಗಿಂತ ಸಮಾಧಾನವಾಗಿ ನೋಡುತ್ತಾರೆ.

ಜೀವಂತ ಪ್ರಾಣಿಗೆ ಪಿಲಿಕುಳ. ವಾಮಂಜೂರು ದಾಟಿ ಮೂಡುಶೆಡ್ಡೆಯಲ್ಲಿ ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ, ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿದ ತೋಟ (ಆರ್ಬೊರೇಟಂ) ಎಲ್ಲ ಒಂದೇ ಆವರಣದಲ್ಲಿವೆ. ಚಿಟ್ಟೆಗೆ ಮೂಡುಬಿದಿರೆ ಸಮೀಪದ ಬೆಳ್ವಾಯಿಯಲ್ಲಿ ಖಾಸಗಿಯಾಗಿ ನಡೆಸುವ ಚಿಟ್ಟೆ ಪಾರ್ಕ್ ಇದೆ. ಬೋನಿಲ್ಲ. ಚಿಟ್ಟೆಗಳಿಗೆ ಬೇಕಾದ ಗಿಡ ಬೆಳೆಸಿದ್ದಾರೆ, ಚಿಟ್ಟೆಗಳು ತಾವಾಗಿ ಬರುತ್ತವೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳು ತಿನ್ನುವುದು ಈಶ್ವರಬಳ್ಳಿಯ ಎಲೆಯನ್ನು. ಬಳ್ಳಿ ಇದ್ದಲ್ಲಿ ಚಿಟ್ಟೆ ಇರುತ್ತದೆ.

ರಜೆಯಲ್ಲಿ ಮೈಸೂರಿಗೆ ಹೋಗುವವರು ಕಾರಂಜಿ ಕೆರೆ ದಂಡೆಯ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಮ್ಯೂಸಿಯಂಗೂ ಅರ್ಧ ದಿನ ಇಡಿ. 1995ರಲ್ಲಿ ತೆರೆದದ್ದು. ಮಕ್ಕಳ ಕಾರ್ಯಕ್ರಮಗಳು ಅಲ್ಲಿ ಚೆನ್ನಾಗಿ ನಡೆಯುತ್ತವೆ.

3. ಹೋಗುವ ಮೊದಲು

ಸಮಯ, ವಾರದ ರಜೆ, ಟಿಕೆಟ್ ದರ ಆಗಾಗ ಬದಲಾಗುತ್ತವೆ. ಹಿಂದಿನ ದಿನ ಫೋನ್ ಮಾಡಿ ಕೇಳಿಬಿಡಿ. ಕಾಲೇಜಿನ ಸಂಗ್ರಹ ನೋಡಬೇಕಾದರೆ ಪ್ರಾಂಶುಪಾಲರಿಗೆ ಅಥವಾ ಡೀನ್‌ಗೆ ಎರಡು ವಾರ ಮೊದಲೇ ಒಂದು ಪತ್ರ ಕೊಡಿ. ಎಷ್ಟು ಜನ, ಯಾವ ವಯಸ್ಸು, ಯಾವ ಗುಂಪಿನ ಜೀವಿ ನೋಡಬೇಕು, ಫೋಟೋ ತೆಗೆಯಬಹುದಾ ಅನ್ನುವ ನಾಲ್ಕು ವಿಷಯ ಇದ್ದರೆ ಸಾಕು. "ಮ್ಯೂಸಿಯಂ ನೋಡಬೇಕು" ಅಂತ ಬರೆದರೆ ಯಾರೋ ಬಂದು ಬಾಗಿಲು ತೆರೆದು ನಿಂತಿರುತ್ತಾರೆ. "ಏಡಿಗಳನ್ನು ನೋಡಬೇಕು, ಅವುಗಳ ಬಗ್ಗೆ ಗೊತ್ತಿರುವವರು ಸಿಗಬಹುದಾ" ಅಂತ ಬರೆದರೆ ಏಡಿಯ ಮೇಲೆ ಕೆಲಸ ಮಾಡುವವರೇ ಬರುವ ಸಾಧ್ಯತೆ ಹೆಚ್ಚು. ತಮ್ಮ ವಿಷಯದ ಬಗ್ಗೆ ಕೇಳುವವರು ಬಂದರೆ ಅವರಿಗೂ ಖುಷಿ ಅಲ್ವಾ? ಪರೀಕ್ಷೆ ಸಮಯ ಬಿಟ್ಟು ಹೋಗಿ.

ಚೀಲದಲ್ಲಿ ಪೆನ್ಸಿಲ್, ಗೆರೆಯಿಲ್ಲದ ಪುಸ್ತಕ, ಸಣ್ಣ ಸ್ಕೇಲ್, ಭೂತಗನ್ನಡಿ ಇರಲಿ. ಪೆನ್ ಬೇಡ. ನಮ್ಮ ಮಳೆಗೆ, ಬೆವರಿಗೆ ಶಾಯಿ ಹರಡುತ್ತದೆ. ಸ್ಪಿರಿಟ್ ಜಾಡಿಯ ಒಳಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯುವ ರೂಢಿ ಬಂದದ್ದೂ ಇದಕ್ಕೇ.

4. ಜಾಡಿಯ ಮುಂದೆ ನಿಂತಾಗ

ಮೊದಲು ಪ್ರಾಣಿಯನ್ನು ನೋಡಬೇಡಿ, ಲೇಬಲ್ ಓದಿ. ಒಳ್ಳೆಯ ಲೇಬಲ್ಲಿನಲ್ಲಿ ಹೆಸರು, ಸಿಕ್ಕಿದ ಜಾಗ, ತಾರೀಕು, ಹಿಡಿದವರ ಹೆಸರು ಇರುತ್ತವೆ. ಹೆಸರು ತಪ್ಪಿದ್ದರೂ ನಡೆಯುತ್ತದೆ, ನಾಳೆ ತಿಳಿದವರು ಸರಿ ಮಾಡುತ್ತಾರೆ. ಜಾಗ, ತಾರೀಕು ಇಲ್ಲದಿದ್ದರೆ ಮಾತ್ರ ಆ ಜಾಡಿಯಿಂದ ಆಗುವ ಕೆಲಸ ತುಂಬ ಕಡಿಮೆ.

ಹಳೇ ಲೇಬಲ್ಲಿನಲ್ಲಿ ಊರ ಹೆಸರು ಓದುವುದೂ ಒಂದು ವಿದ್ಯೆ. "ಸೌತ್ ಕೆನರಾ" ಅಂತ ಇದ್ದರೆ ಅದು ಇವತ್ತಿನ ದಕ್ಷಿಣ ಕನ್ನಡ ಅಂತ ತಕ್ಷಣ ಅಂದುಕೊಳ್ಳಬೇಡಿ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕಾಸರಗೋಡು ಕೇರಳಕ್ಕೆ ಹೋದದ್ದು 1956ರಲ್ಲಿ. ಅದಕ್ಕಿಂತ ಹಿಂದಿನ ಸ್ಪೆಸಿಮನ್ (ಸಂಗ್ರಹದಲ್ಲಿಟ್ಟ ಮಾದರಿ) ಆದರೆ ಕುಂದಾಪುರದ್ದೂ ಆಗಿರಬಹುದು, ಚಂದ್ರಗಿರಿ ಹೊಳೆಯದ್ದೂ ಆಗಿರಬಹುದು. ಬರೀ "ಕೆನರಾ" ಅಂತ ಇದ್ದರೆ ಇನ್ನೂ ಹಿಂದೆ ಹೋಗಬೇಕು. ಉತ್ತರ ಕೆನರಾ ಬಾಂಬೆ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಅದಕ್ಕೆ ಮೊದಲಿನ ಸಂಗ್ರಹವಾದರೆ ಕಾರವಾರದ ಕಡೆಯದೂ ಇರಬಹುದು. ಶಾಲೆಯಲ್ಲಿ ಇತಿಹಾಸದ ಟೀಚರ್ ಮತ್ತು ಜೀವಶಾಸ್ತ್ರದ ಟೀಚರ್ ಇಬ್ಬರೂ ಜತೆಗೆ ಬಂದರೆ ಈ ಭಾಗ ತುಂಬ ಚೆನ್ನಾಗಿರುತ್ತದೆ.

ಈಗ ಪ್ರಾಣಿಯ ಕಡೆಗೆ ಬನ್ನಿ. ಬಣ್ಣವನ್ನು ನಂಬಬೇಡಿ. ಫಾರ್ಮಲಿನ್‌ನಲ್ಲಿ, ಸ್ಪಿರಿಟ್‌ನಲ್ಲಿ ವರ್ಷಗಟ್ಟಲೆ ಇದ್ದರೆ ಹಸಿರು, ಹಳದಿ, ಕೆಂಪು ಎಲ್ಲ ಹೋಗಿ ಕಂದು ಬಣ್ಣವೊಂದೇ ಉಳಿಯುತ್ತದೆ. ಉಳಿಯುವುದು ಆಕಾರ. ಒಂದು ಕಪ್ಪೆ ಇದೆ ಅಂದುಕೊಳ್ಳಿ. ಮೂತಿಯಿಂದ ಹಿಂಭಾಗದವರೆಗೆ ಎಷ್ಟು ಉದ್ದ? ಅಳೆಯುವಾಗ ಕಾಲು ಸೇರಿಸುವುದಿಲ್ಲ. ಬೆರಳ ತುದಿ ಚೂಪಾಗಿದೆಯಾ, ಚಪ್ಪಟೆಯಾಗಿ ಅಗಲವಾಗಿದೆಯಾ? ಅಗಲವಾಗಿದ್ದರೆ ಮರ, ಗೋಡೆ ಹತ್ತುವ ಜಾತಿ ಇರಬಹುದು. ಹಿಂಗಾಲಿನ ಜಾಲ ಬೆರಳಿನ ತುದಿವರೆಗೆ ಬಂದಿದ್ದರೆ ನೀರಲ್ಲೇ ಜಾಸ್ತಿ ಇರುವಂಥದ್ದು. ಕಣ್ಣಿನ ಹಿಂದೆ ದುಂಡಗಿನ ಕಿವಿತಮಟೆ ಎದ್ದು ಕಾಣುತ್ತದಾ? ಮೈಕ್ರೋಹೈಲಾಗಳಲ್ಲಿ ಅದು ಚರ್ಮದ ಕೆಳಗೆ ಮುಚ್ಚಿಕೊಂಡಿರುತ್ತದೆ, ಬಾಯಿಯೂ ಕಿರಿದು. ಜಾಲ, ಬೆರಳ ತುದಿ, ಕಿವಿತಮಟೆ ಈ ಮೂರನ್ನು ನೋಡಲು ಕಲಿತರೆ ಊರಿನ ಕಪ್ಪೆಗಳನ್ನು ಗುಂಪುಗಳಾಗಿ ಬೇರೆ ಮಾಡಲು ಬರುತ್ತದೆ.

ಚಿತ್ರ ಬಿಡಿಸಿ. ಚೆನ್ನಾಗಿ ಬರಬೇಕಂತಿಲ್ಲ. ಫೋಟೋ ತೆಗೆದರೆ ಕಣ್ಣು ಮುಂದಕ್ಕೆ ಹೋಗಿಬಿಡುತ್ತದೆ. ಬೆರಳೊಂದನ್ನು ಬರೆಯಬೇಕಾದರೆ ಅದರಲ್ಲಿ ಎಷ್ಟು ಗಂಟಿದೆ ಅಂತ ನೋಡಲೇಬೇಕಾಗುತ್ತದೆ. ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಒಂದೇ ಜಾಡಿಯ ಮುಂದೆ ಇಪ್ಪತ್ತು ನಿಮಿಷ ಕೂರಿಸಿ. ಮೊದಲ ಐದು ನಿಮಿಷ ಗಲಾಟೆ, ಆಮೇಲೆ ಅವರೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ಹಳೇ ಸ್ಪೆಸಿಮನ್‌ಗಳಿಂದ ಏನಾಗುತ್ತದೆ ಅನ್ನುವವರಿಗೆ ಕಾಳಿಂಗ ಸರ್ಪದ ಕಥೆ ಹೇಳಬೇಕು. 1836ರಿಂದ ಇಡೀ ಏಷ್ಯಾದ ಕಾಳಿಂಗಗಳೆಲ್ಲ ಒಂದೇ ಪ್ರಭೇದ ಅಂತ ಲೆಕ್ಕ ಇತ್ತು. ಬೇರೆ ಬೇರೆ ಮ್ಯೂಸಿಯಂಗಳಲ್ಲಿ ಇಟ್ಟಿದ್ದ ಹಾವುಗಳ ಪಟ್ಟೆ, ಹುರುಪೆ, ಹಲ್ಲು ಎಲ್ಲ ಎಣಿಸಿ, ಡಿಎನ್‌ಎ ಜತೆ ತಾಳೆ ಹಾಕಿ, 2024ರಲ್ಲಿ ಅದನ್ನು ನಾಲ್ಕು ಪ್ರಭೇದ ಮಾಡಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಒಫಿಯೋಫೇಗಸ್ ಕಾಳಿಂಗ ಅಂತಲೇ ಹೆಸರು. ಯಾವತ್ತೋ ಯಾರೋ ಸ್ಪಿರಿಟ್‌ನಲ್ಲಿ ಹಾಕಿ ಊರ ಹೆಸರು ಬರೆದಿಟ್ಟ ಹಾವು ಅಷ್ಟು ವರ್ಷಗಳ ನಂತರ ಸಾಕ್ಷಿ ಹೇಳಿತು.

5. ಎಲುಬು ಎಣಿಸಿ

ಮಣಿಪಾಲದ ಮ್ಯೂಸಿಯಂನಲ್ಲಿ ಮಾಡಬೇಕಾದ ಕೆಲಸ ಇದು. ಮನುಷ್ಯನ ಅಸ್ಥಿಪಂಜರದ ಮುಂದೆ ನಿಂತು ಕುತ್ತಿಗೆಯ ಎಲುಬು ಎಣಿಸಿ. ಏಳು. ಆನೆಯದನ್ನು ಎಣಿಸಿ. ಅದೂ ಏಳು. ತಿಮಿಂಗಿಲದಲ್ಲೂ ಏಳೇ, ಎಷ್ಟೋ ಜಾತಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ ಅಷ್ಟೆ. ಜಿರಾಫೆಯ ಉದ್ದ ಕುತ್ತಿಗೆಯಲ್ಲೂ ಏಳು. ಸ್ತನಿಗಳಲ್ಲಿ ಸ್ಲಾತ್, ಮ್ಯಾನಟಿಯಂಥ ಒಂದೆರಡು ಬಿಟ್ಟರೆ ಎಲ್ಲಕ್ಕೂ ಹೀಗೆ. ಆಮೇಲೆ ಕಾಳಿಂಗದ ಅಸ್ಥಿಪಂಜರಕ್ಕೆ ಬನ್ನಿ. ಅಲ್ಲಿ ಕುತ್ತಿಗೆ ಎಲ್ಲಿ ಮುಗಿಯಿತು, ಎದೆ ಎಲ್ಲಿ ಶುರುವಾಯಿತು ಅಂತ ಹೇಳಿ ನೋಡಿ! ತಲೆಯ ಹಿಂದಿನಿಂದ ಬಾಲದ ಬುಡದವರೆಗೆ ಪಕ್ಕೆಲುಬಿನ ಸಾಲು. ವಿಕಾಸ ಅನ್ನುವ ಪಾಠವನ್ನು ಹತ್ತು ಪುಟದಲ್ಲಿ ಓದುವುದಕ್ಕಿಂತ ಇಲ್ಲಿ ಹತ್ತು ನಿಮಿಷ ನಿಂತರೆ ಚೆನ್ನಾಗಿ ತಲೆಗೆ ಹೋಗುತ್ತದೆ.

ಅದೇ ವಾರ ಪಿಲಿಕುಳಕ್ಕೆ ಹೋಗಿ ಜೀವಂತ ಕಾಳಿಂಗ ನೋಡಿ. ಕಾಳಿಂಗಗಳನ್ನು ಸಾಕಿ ಮರಿ ಮಾಡಿಸಿದ ಹೆಸರು ಪಿಲಿಕುಳಕ್ಕಿದೆ. ತರಗೆಲೆ ಗುಡ್ಡೆ ಮಾಡಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು ಇದು, ಊಟಕ್ಕೆ ಹೆಚ್ಚಾಗಿ ಬೇರೆ ಹಾವುಗಳೇ. ಗಾಜು ತಟ್ಟಬೇಡಿ. ಒಂದೇ ಪ್ರಾಣಿಯ ಮುಂದೆ ಅರ್ಧ ಗಂಟೆ ನಿಂತು ಏನು ಮಾಡಿತು ಅಂತ ಐದೈದು ನಿಮಿಷಕ್ಕೆ ಬರೆಯಿರಿ. "ಏನೂ ಮಾಡಲಿಲ್ಲ" ಅನ್ನುವುದೂ ಬರೆಯಬೇಕಾದ ವಿಷಯವೇ.

6. ಮೀನು: ಜಾಡಿ, ಧಕ್ಕೆ, ಅಡುಗೆಮನೆ

ಇದು ನನಗೆ ಬಹಳ ಇಷ್ಟದ ಭಾಗ. ಮೀನುಗಾರಿಕಾ ಕಾಲೇಜಿನ ಸಂಗ್ರಹದಲ್ಲಿ ಬೂತಾಯಿ, ಬಂಗುಡೆ, ಅಂಜಲ್ ಜಾತಿಯ ಮೀನುಗಳ ವೈಜ್ಞಾನಿಕ ಹೆಸರು ಕೇಳಿ ಬರೆದುಕೊಳ್ಳಿ. ಬೂತಾಯಿ ಸಾರ್ಡಿನೆಲ್ಲಾ ಲಾಂಜಿಸೆಪ್ಸ್, ಬಂಗುಡೆ ರಾಸ್ಟ್ರೆಲಿಜರ್ ಕನಗುರ್ಟಾ. ಆಮೇಲೆ ಬೆಳಗ್ಗೆ ಬೇಗ ಮಂಗಳೂರಿನ ಧಕ್ಕೆಗೋ ಮಲ್ಪೆ ಬಂದರಿಗೋ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಇರುವುದರಿಂದ ಆಗಸ್ಟ್‌ನಿಂದ ಮೇ ಒಳಗೆ ಹೋಗಬೇಕು. ಕೆಲಸದ ಹೊತ್ತು, ಎಲ್ಲರೂ ಗಡಿಬಿಡಿಯಲ್ಲಿರುತ್ತಾರೆ. ದಾರಿಗೆ ಅಡ್ಡ ನಿಲ್ಲಬೇಡಿ. ಮೀನು ಮಾರುವ ಅಕ್ಕಂದಿರ ಹತ್ತಿರ ಒಂದಿಷ್ಟು ಮೀನು ತಗೊಂಡು ಆಮೇಲೆ ಹೆಸರು ಕೇಳಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಒಂದೇ ಮೀನಿಗೆ ಎಷ್ಟು ಹೆಸರು ಸಿಗುತ್ತದೋ ಅಷ್ಟನ್ನೂ ಬರೆದುಕೊಳ್ಳಿ. ಎಷ್ಟೋ ಲೇಬಲ್‌ಗಳಲ್ಲಿ ಅವು ಇರುವುದಿಲ್ಲ.

ಟ್ರಾಲ್ ಬೋಟಿನಿಂದ ಇಳಿಸಿದ ರಾಶಿಯಲ್ಲಿ ಮಾರಾಟಕ್ಕೆ ಬಾರದ ಸಣ್ಣಪುಟ್ಟ ಜೀವಿಗಳೂ ಇರುತ್ತವೆ. ಅವುಗಳನ್ನು ಕಣ್ಣಲ್ಲಿ ನೋಡಿ, ಕೈ ಹಾಕಬೇಡಿ. ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಬಾಲ ಇರುವ ಹಾವು ಕಂಡರೆ ಅದು ಸಮುದ್ರದ ಹಾವು, ವಿಷ ಇದೆ. ಸತ್ತ ಹಾಗೆ ಕಂಡರೂ ಮುಟ್ಟಬೇಡಿ. ತೊರಕೆ ಮೀನಿನ ಬಾಲದ ಮುಳ್ಳೂ ಅಪಾಯ.

ಮನೆಗೆ ತಂದ ಮೀನನ್ನು ಸಾರು ಮಾಡುವ ಮೊದಲು ಒಂದು ಹದಿನೈದು ನಿಮಿಷ ಕೊಡಿ. ಬೂತಾಯಿಯ ಕೆನ್ನೆಯ ಮುಚ್ಚಳ ಎತ್ತಿ ಕಿವಿರು ಹೊರತೆಗೆಯಿರಿ. ಕೆಂಪು ಎಳೆಗಳು ಉಸಿರಾಟಕ್ಕೆ. ಅದೇ ಕಮಾನಿನ ಒಳಬದಿಯಲ್ಲಿ ಬಿಳಿ ಕಡ್ಡಿಗಳ ಸಾಲಿದೆ, ಒತ್ತೊತ್ತಾಗಿ, ಕೂದಲಿನಷ್ಟು ಸಣ್ಣ. ನೀರು ಹೊರಗೆ ಹೋಗುವಾಗ ಅದರಲ್ಲಿರುವ ಸೂಕ್ಷ್ಮ ಪಾಚಿ, ಸಣ್ಣ ಜೀವಿಗಳು ಅಲ್ಲಿ ನಿಲ್ಲುತ್ತವೆ. ಬೂತಾಯಿಯ ಊಟ ಅದು. ಬಂಗುಡೆಯದನ್ನು ತೆಗೆದು ಪಕ್ಕದಲ್ಲಿಡಿ, ಅಲ್ಲೂ ಕಡ್ಡಿಗಳಿವೆ, ಸ್ವಲ್ಪ ದಪ್ಪ. ಈಗ ಅಂಜಲ್ ತಲೆ ಸಿಕ್ಕಿದರೆ ನೋಡಿ. ಕಡ್ಡಿಗಳು ಕೆಲವೇ, ಬದಲಿಗೆ ದವಡೆಯಲ್ಲಿ ಚೂಪಾದ ಹಲ್ಲು. ಅದು ಬೂತಾಯಿಯಂಥ ಮೀನುಗಳನ್ನು ಹಿಡಿದು ತಿನ್ನುವ ಮೀನು. ಒಂದೇ ತಟ್ಟೆಯಲ್ಲಿ ಸಮುದ್ರದ ಊಟದ ಸರಪಳಿ ಸಾಲಾಗಿ ಬಂತು.

ಕೊಡ್ಡಾಯಿ ಮೀನು ತಂದ ದಿನ ತಲೆ ಬಿಸಾಡಬೇಡಿ. ಬೇಯಿಸಿದ ಮೇಲೆ ತಲೆಬುರುಡೆಯ ಒಳಗೆ, ಮೆದುಳಿನ ಎರಡೂ ಬದಿಗೆ, ಬಿಳಿ ಕಲ್ಲಿನಂಥ ಎರಡು ಗಟ್ಟಿ ತುಂಡು ಸಿಗುತ್ತವೆ. ಮೀನಿನ ಕಿವಿಯ ಕಲ್ಲು ಅದು. ಸಮತೋಲನಕ್ಕೆ, ಸದ್ದು ಗ್ರಹಿಸುವುದಕ್ಕೆ ಬೇಕಾದದ್ದು. ಮೀನು ಬೆಳೆದ ಹಾಗೆ ಇದರ ಮೇಲೆ ಪದರದ ಮೇಲೆ ಪದರ ಕೂರುತ್ತದೆ. ವಿಜ್ಞಾನಿಗಳು ತೆಳ್ಳಗೆ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ಆ ಪದರ ಎಣಿಸಿ ವಯಸ್ಸು ಲೆಕ್ಕ ಹಾಕುತ್ತಾರೆ. ಆಕಾರ ಜಾತಿಯಿಂದ ಜಾತಿಗೆ ಬೇರೆ ಇರುವುದರಿಂದ ಡಾಲ್ಫಿನ್ ಹೊಟ್ಟೆಯಲ್ಲಿ ಸಿಕ್ಕಿದ ಕಲ್ಲು ನೋಡಿ ಅದು ಯಾವ ಮೀನು ತಿಂದಿತ್ತು ಅಂತಲೂ ಹೇಳುತ್ತಾರೆ. ತೊಳೆದು, ಒಣಗಿಸಿ, ಸಣ್ಣ ಡಬ್ಬಿಯಲ್ಲಿ ಹಾಕಿ ಚೀಟಿ ಬರೆದಿಡಿ. ಮೀನಿನ ಹೆಸರು, ಉದ್ದ, ಎಲ್ಲಿ ಕೊಂಡದ್ದು, ತಾರೀಕು. ನಿಮ್ಮ ಮನೆಯ ಮೊದಲ ಸ್ಪೆಸಿಮನ್ ತಯಾರಾಯಿತು.

7. ಮಳೆಗಾಲದಲ್ಲಿ ಪಾದೆಗೆ

ಮುರಕಲ್ಲಿನ ಪಾದೆಯನ್ನು ನಾವು "ಬೋಳು ಜಾಗ" ಅಂತ ಕರೆಯುತ್ತೇವೆ. ಕಾಗದಪತ್ರದಲ್ಲೂ ಅದು ಪಾಳು ಭೂಮಿಯೇ. ಜುಲೈ, ಆಗಸ್ಟ್‌ನಲ್ಲಿ ಹೋಗಿ ಮೊಣಕಾಲೂರಿ ಕೂತು ನೋಡಿ. ತೆಳು ನೀರಿನಲ್ಲಿ ನೀಲಿ, ನೇರಳೆ ಬಣ್ಣದ ಪುಟಾಣಿ ಯುಟ್ರಿಕ್ಯುಲೇರಿಯಾ ಹೂಗಳು. ಆ ಗಿಡದ ಬುಡದಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ನೀರಿನ ಸೂಕ್ಷ್ಮ ಜೀವಿ ತಾಗಿದರೆ ಒಳಗೆ ಎಳೆದುಕೊಂಡು ಜೀರ್ಣ ಮಾಡಿಕೊಳ್ಳುತ್ತವೆ. ಮಣ್ಣಿಲ್ಲದ ಕಲ್ಲಿನ ಮೇಲೆ ಸಾರಜನಕ ಸಿಗುವುದು ಕಷ್ಟ, ಅದಕ್ಕೇ ಈ ದಾರಿ. ಬೇಸಿಗೆಯಲ್ಲಿ ಹೋದವರಿಗೆ ಇದರ ಸುಳಿವೇ ಸಿಗುವುದಿಲ್ಲ. ಪಾದೆಗಳನ್ನು ಕಲ್ಲಿನ ಕೋರೆಗೆ, ಸೈಟಿಗೆ ಕೊಡುವಾಗ ಬೇಸಿಗೆಯ ಫೋಟೋ ನೋಡಿ ತೀರ್ಮಾನ ಮಾಡಿದರೆ ಇಡೀ ಒಂದು ಲೋಕ ಲೆಕ್ಕಕ್ಕೇ ಬರುವುದಿಲ್ಲ. ಮಳೆಗಾಲದ ದಾಖಲೆ ನಾವೇ ಮಾಡಿಡಬೇಕಾದ್ದು ಇದಕ್ಕಾಗಿ.

ಕಪ್ಪೆಗಾಗಿ ಹೋಗುವುದಾದರೆ ಸಂಜೆ, ಮಳೆ ನಿಂತ ಹೊತ್ತು. ಜಾಗ ಯಾರದ್ದು ಅಂತ ಕೇಳಿ ಒಪ್ಪಿಗೆ ಪಡೆಯಿರಿ. ಗಮ್‌ಬೂಟ್, ಒಳ್ಳೆಯ ಟಾರ್ಚ್, ಇಬ್ಬರು ದೊಡ್ಡವರು. ಕೊಳಕುಮಂಡಲ ಇರುವ ಜಾಗ ಅನ್ನುವುದನ್ನು ಮರೆಯಬೇಡಿ. ಮೊದಲು ಟಾರ್ಚ್ ಆರಿಸಿ ಸುಮ್ನೆ ಕೇಳಿ. ಒಂದೊಂದು ಜಾತಿಗೂ ಕೂಗು ಬೇರೆ. ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಕೊನೆಗೆ ನಿಮ್ಮದೇ ದನಿಯಲ್ಲಿ ಊರು, ತಾರೀಕು, ಗಂಟೆ ಹೇಳಿಬಿಡಿ. ಅದೇ ಅದರ ಲೇಬಲ್. ಮೈಕ್ರೋಹೈಲಾ ಕೊಡಿಯಾಲ್ ಹೊಸದು ಅಂತ ಖಚಿತ ಮಾಡುವಾಗ ದೇಹದ ಅಳತೆ ಮತ್ತು ಡಿಎನ್‌ಎ ಜತೆ ಕೂಗನ್ನೂ ಹೋಲಿಸಿದ್ದರು. ಅದರ ಹತ್ತಿರದ ನೆಂಟರು ಇರುವುದು ಆಗ್ನೇಯ ಏಷ್ಯಾದಲ್ಲಿ ಅನ್ನುವುದು ಆಶ್ಚರ್ಯದ ವಿಷಯ.

ಊರಿನ ನಾಗಬನಗಳೂ ಹಳೇ ಕಾಡಿನ ತುಣುಕುಗಳೇ. ಅಲ್ಲಿ ಮನೆತನದವರ ಅಪ್ಪಣೆ ಇಲ್ಲದೆ ಒಳಗೆ ಹೋಗಬೇಡಿ. ಹೊರಗೆ ನಿಂತರೂ ಹಕ್ಕಿ, ಬಳ್ಳಿ, ಮರ ಸಾಕಷ್ಟು ಕಾಣುತ್ತದೆ.

8. ದೂರದ ಕಪಾಟುಗಳನ್ನು ಮನೆಯಲ್ಲೇ ತೆರೆಯುವುದು

ನಮ್ಮ ಊರಿನ ಗಿಡಗಳು ಹೆಚ್ಚುಕಡಿಮೆ 180 ವರ್ಷಗಳಿಂದ ಯುರೋಪಿನ ಕಪಾಟುಗಳಲ್ಲಿ ಇವೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಮಿಷನರಿ ಮೆಟ್ಸ್ ಕೂಡಿಸಿದ ಒಣಗಿಡಗಳನ್ನು ಹೋಹೆನಾಕರ್ ಎಂಬಾತ 1840ರ ದಶಕದ ಕೊನೆಯ ಹೊತ್ತಿಗೆ ಕಟ್ಟು ಮಾಡಿ ಬೇರೆ ಬೇರೆ ಹರ್ಬೇರಿಯಂಗಳಿಗೆ (ಒಣಗಿಸಿದ ಗಿಡಗಳ ಸಂಗ್ರಹಗಳಿಗೆ) ಮಾರಿದ. ಅವುಗಳಲ್ಲಿ ಎಷ್ಟೋ ಹಾಳೆಗಳ ಫೋಟೋ ಈಗ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಜಗತ್ತಿನ ಜೀವಿಗಳ ದಾಖಲೆಗಳನ್ನು ಒಂದೆಡೆ ಸೇರಿಸಿಟ್ಟಿರುವ ಜಿಬಿಐಎಫ್ ವೆಬ್‌ಸೈಟ್ ತೆರೆಯಿರಿ. ಆಕರೆನ್ಸ್ ಅನ್ನುವಲ್ಲಿ ಹೋಗಿ ದಾಖಲೆಯ ಬಗೆಯಲ್ಲಿ ಪ್ರಿಸರ್ವ್ಡ್ ಸ್ಪೆಸಿಮನ್ ಆರಿಸಿ. ಊರಿನ ಹೆಸರು ಹುಡುಕುವಾಗ ಮಂಗಳೂರು ಅಂತ ಹಾಕಿದರೆ ಕಡಿಮೆ ಸಿಗುತ್ತದೆ. ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್‌ನಲ್ಲಿ ತಾನೆ? ಇಂಗ್ಲಿಷಿನಲ್ಲಿ ಮ್ಯಾಂಗಲೋರ್, ಜರ್ಮನ್ ಥರ ಮಂಗಲೋರ್, ಸೌತ್ ಕೆನರಾ, ಬರೀ ಕೆನರಾ, ಹೀಗೆ ಎಲ್ಲ ಕಾಗುಣಿತದಲ್ಲೂ ಹುಡುಕಿ. ನಮ್ಮ ನೇತ್ರಾವತಿ, ಕುಮಾರಧಾರಾ ಕಡೆಯ ವಿಶೇಷ ಮೀನು ಎಟ್ರೋಪ್ಲಸ್ ಕೆನರೆನ್ಸಿಸ್ ಅಂತ ಹುಡುಕಿ ನೋಡಿ. 1877ರಲ್ಲಿ ಫ್ರಾನ್ಸಿಸ್ ಡೇ ಹೆಸರಿಟ್ಟ ಈ ಮೀನು ಬೇರೆ ಎಲ್ಲೂ ಇಲ್ಲ, ನಮ್ಮ ಕಡೆಯ ಹೊಳೆಗಳಲ್ಲಿ ಮಾತ್ರ.

9. ನಿಮ್ಮದೇ ದಾಖಲೆ

ಪ್ರಾಣಿಗಳ ಮಟ್ಟಿಗೆ ಫೋಟೋ ಮತ್ತು ಸದ್ದು ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಗಷ್ಟೇ ಅಂತ ಅನೇಕರು ತಿಳಿದಿದ್ದಾರೆ. ಹವಳ, ಸಮುದ್ರಕುದುರೆ, ಸಮುದ್ರಸೌತೆ, ಕೆಲವು ಜಾತಿಯ ಚಿಪ್ಪುಗಳೂ ಅದರಲ್ಲಿ ಬರುತ್ತವೆ. ಸೈಂಟ್ ಮೇರೀಸ್ ದ್ವೀಪದಿಂದ, ಬೀಚಿನಿಂದ ಚಿಪ್ಪು ತುಂಬಿಕೊಂಡು ಬರುವ ಅಭ್ಯಾಸ ಬಿಡಿ. ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ. ಫೋಟೋ ತೆಗೆದು ಅಲ್ಲೇ ಇಡಿ.

ಗಿಡವಾದರೆ ಸ್ವಂತ ಅಂಗಳದ ಕಳೆಯಿಂದ ಹರ್ಬೇರಿಯಂ ಮಾಡಬಹುದು. ತುಂಬೆ, ನೆಲನೆಲ್ಲಿ, ನಾಚಿಕೆಮುಳ್ಳು, ತಿಮರೆ. ಹೂವು ಅಥವಾ ಕಾಯಿ ಇರುವ ಗಿಡವನ್ನೇ ಬೇರು ಸಮೇತ ತೆಗೆಯಿರಿ. ಪೇಪರಿನ ಮಧ್ಯೆ ಹರಡಿ, ಒಂದು ಎಲೆಯನ್ನು ಮಗುಚಿ ಹಿಂಬದಿ ಕಾಣುವಂತೆ ಇಡಿ, ಮೇಲೆ ಭಾರ ಹೇರಿ. ಬೇರೆ ಊರಿನವರು ಎರಡು ದಿನಕ್ಕೊಮ್ಮೆ ಪೇಪರ್ ಬದಲಿಸಿದರೆ ನಡೆಯುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ದಿನಾ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಮೊದಲ ಮೂರು ದಿನ ಎರಡು ಹೊತ್ತು ಬದಲಿಸಿ, ಪೇಪರನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಒಣಗಿದ ಮೇಲೆ ದಪ್ಪ ಹಾಳೆಗೆ ದಾರದಲ್ಲಿ ಹೊಲಿದು ಬಲಗಡೆ ಕೆಳಗೆ ಲೇಬಲ್ ಅಂಟಿಸಿ.

"ತುಂಬೆ, ಮಂಗಳೂರು" ಅಂತ ಬರೆದರೆ ಸಾಲದು. ಹೀಗೆ ಬರೆಯಿರಿ: "ತುಂಬೆ. ದಕ್ಷಿಣ ಕನ್ನಡ, ಮಂಗಳೂರು ತಾಲೂಕು, ವಾಮಂಜೂರು, ಗದ್ದೆಯ ಬದು, ಬಿಸಿಲು ಬೀಳುವ ಜಾಗ. ಹೂವು ಬಿಳಿ. ಎತ್ತರ ಒಂದು ಮೊಳ. ತಾರೀಕು, ತಿಂಗಳು, ವರ್ಷ. ಕಿತ್ತವರ ಹೆಸರು." ಹೂವಿನ ಬಣ್ಣ ಬರೆಯಲೇಬೇಕು, ಒಣಗಿದ ಮೇಲೆ ಅದು ಉಳಿಯುವುದಿಲ್ಲ.

ಫೋಟೋಗಳನ್ನು ಐನ್ಯಾಚುರಲಿಸ್ಟ್‌ಗೆ, ಹಕ್ಕಿಗಳ ಪಟ್ಟಿಯನ್ನು ಇಬರ್ಡ್‌ಗೆ ಹಾಕಿ, ಎರಡೂ ಯಾರು ಬೇಕಾದರೂ ದಾಖಲೆ ಹಾಕಬಹುದಾದ ವೆಬ್‌ಸೈಟ್‌ಗಳು. ಐನ್ಯಾಚುರಲಿಸ್ಟ್‌ನಲ್ಲಿ ಬೇರೆಯವರೂ ನೋಡಿ ಹೆಸರು ಒಪ್ಪಿದರೆ, ಲೈಸೆನ್ಸ್ ಅನುಮತಿ ಇದ್ದರೆ, ಆ ದಾಖಲೆ ಜಿಬಿಐಎಫ್‌ಗೆ ಹೋಗುತ್ತದೆ. ಮೆಟ್ಸ್ ಕೂಡಿಸಿದ ಹಾಳೆ ಇರುವ ಪಟ್ಟಿಯಲ್ಲೇ ನಿಮ್ಮ ಮಗಳು ತೆಗೆದ ಫೋಟೋ ಬಂದು ಕೂರುತ್ತದೆ. ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದಿರಬೇಕು, 2002ರ ಕಾಯ್ದೆ ಪ್ರಕಾರ. ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಅವರ ಹತ್ತಿರ ಇರುತ್ತದೆ. ಕೇಳಿ ನೋಡಿ, ನಿಮ್ಮ ಪಟ್ಟಿಯ ಒಂದು ಪ್ರತಿ ಕೊಡಿ.

10. ಯಾವಾಗ ಏನು

ಫೆಬ್ರುವರಿ 28 ವಿಜ್ಞಾನ ದಿನ, ಕಾಲೇಜುಗಳ ಲ್ಯಾಬ್ ತೆರೆದಿರುವ ಸಂಭವ ಜಾಸ್ತಿ. ಅದೇ ತಿಂಗಳ ನಡುವೆ ಹಿತ್ತಲ ಹಕ್ಕಿಗಳ ಗಣತಿ. ಮೇ 18 ಮ್ಯೂಸಿಯಂ ದಿನ, ಮೇ 22 ಜೀವವೈವಿಧ್ಯ ದಿನ. ಜುಲೈ ಕೊನೆಗೆ ಪತಂಗಗಳ ವಾರ, ಒಂದು ಬಿಳಿ ಬಟ್ಟೆ ಮತ್ತು ಬಲ್ಬ್ ಇದ್ದರೆ ಸಾಕು. ಅಕ್ಟೋಬರ್ 2ರಿಂದ 8 ವನ್ಯಜೀವಿ ಸಪ್ತಾಹ. ಇಂಥ ದಿನಗಳಿಗೆ ತಿಂಗಳು ಮೊದಲೇ ಪಿಲಿಕುಳಕ್ಕೆ, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ವಿಭಾಗಕ್ಕೆ ಫೋನ್ ಮಾಡಿ ಏನಾದರೂ ಇದೆಯಾ ಅಂತ ಕೇಳಿ.

11. ಶಾಲೆಯ ಲ್ಯಾಬಿನ ಹಳೇ ಜಾಡಿಗಳು

ಟೀಚರ್‌ಗಳಿಗೆ ಒಂದು ವಿಶೇಷ ವಿನಂತಿ. ನಿಮ್ಮ ಶಾಲೆಯ, ಪಿಯು ಕಾಲೇಜಿನ ಲ್ಯಾಬಿನ ಮೇಲಿನ ಕಪಾಟಿನಲ್ಲಿ ಹಳೇ ಜಾಡಿಗಳು ಇದ್ದೇ ಇರುತ್ತವೆ. ಹಾವು, ಸಮುದ್ರಕುದುರೆ, ಬಾವಲಿ. ದ್ರವ ಕಡಿಮೆಯಾಗಿ ಅರ್ಧ ಒಣಗಿರುತ್ತವೆ. ಲ್ಯಾಬ್ ಹೊಸದು ಮಾಡುವಾಗ ಇವೇ ಮೊದಲು ಹೊರಗೆ ಹೋಗುವುದು. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಮ್ಯೂಸಿಯಂಗೆ ಬೆಂಕಿ ಬಿದ್ದು ಸಂಗ್ರಹ ಸುಟ್ಟುಹೋಯಿತು. ಅಲ್ಲಿ ಹೋದದ್ದು ಒಂದೇ ರಾತ್ರಿಯಲ್ಲಿ. ಶಾಲೆಗಳಲ್ಲಿ ಹೋಗುತ್ತಿರುವುದು ಒಂದೊಂದೇ ಜಾಡಿ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಬಿಸಾಡುವ ಮೊದಲು ಹೀಗೆ ಮಾಡಿ. ಪ್ರತಿ ಜಾಡಿಗೂ ಒಂದು ನಂಬರ್ ಕೊಡಿ. ಲೇಬಲ್‌ನ ಫೋಟೋ ಹತ್ತಿರದಿಂದ ಒಂದು, ಇಡೀ ಜಾಡಿಯದು ಸ್ಕೇಲ್ ಪಕ್ಕದಲ್ಲಿಟ್ಟು ಒಂದು. ಹಳೇ ಲೇಬಲ್ ಹರಿದಿದ್ದರೂ ಕೀಳಬೇಡಿ, ಹೊಸದನ್ನು ಪಕ್ಕದಲ್ಲಿ ಅಂಟಿಸಿ. ಲೇಬಲ್ ಇಲ್ಲದ ಜಾಡಿಗಳಿದ್ದರೆ ನಿವೃತ್ತರಾದ ಮೇಷ್ಟ್ರುಗಳನ್ನು, ಲ್ಯಾಬ್ ಅಟೆಂಡರ್‌ಗಳನ್ನು ಕರೆದು ಕೂರಿಸಿ ಕೇಳಿ. "ಇದು ಇಂಥ ವರ್ಷ ಉಳ್ಳಾಲದಿಂದ ತಂದದ್ದು" ಅಂತ ನೆನಪಿಟ್ಟುಕೊಂಡವರು ಒಬ್ಬರಾದರೂ ಇರುತ್ತಾರೆ. ಅವರು ಹೇಳಿದ್ದನ್ನು, ಹೇಳಿದವರ ಹೆಸರು ಮತ್ತು ಹೇಳಿದ ತಾರೀಕು ಸಮೇತ ಬರೆದಿಡಿ. ದ್ರವ ತುಂಬಿಸುವ ಕೆಲಸ ಮಕ್ಕಳ ಕೈಗೆ ಕೊಡಬೇಡಿ. ಫಾರ್ಮಲಿನ್ ಕಣ್ಣಿಗೆ, ಶ್ವಾಸಕ್ಕೆ ಕೆಟ್ಟದ್ದು. ಕೈಗವಸು ಹಾಕಿ, ಕಿಟಕಿ ತೆರೆದು, ಗೊತ್ತಿರುವವರೇ ಮಾಡಬೇಕು. ಯಾವ ಜಾಡಿಯಲ್ಲಿ ಫಾರ್ಮಲಿನ್ ಇದೆ, ಯಾವುದರಲ್ಲಿ ಸ್ಪಿರಿಟ್ ಇದೆ ಅಂತ ಹೊರಗಡೆ ಬರೆಯಿರಿ. ಎರಡನ್ನೂ ಬೆರೆಸಬೇಡಿ. ನಿಮ್ಮಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಪಟ್ಟಿ ಮತ್ತು ಫೋಟೋಗಳನ್ನು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕಳಿಸಿ, ಬೇಕಾ ಅಂತ ಕೇಳಿ. ಕಾಯ್ದೆಯಡಿ ಬರುವ ಪ್ರಾಣಿಯಾದರೆ ಜಾಡಿ ಸಾಗಿಸುವ ಮೊದಲು ಅರಣ್ಯ ಇಲಾಖೆಗೂ ಒಂದು ಪತ್ರ ಬರೆಯಿರಿ.